ನಳಿಗೆಯೊಳಗಿನ ನಳಿಗೆ

"ಅಂಗಡಿಗೆ ಬೀಗ ಹಾಕ್ರಿ ಮೇಡಂ, ಬ್ಯಾಡ ಅನ್ನಾಕ ನಾ ಯಾರು? ಆದ್ರ ಆ ಒಂದ್ ಮಾತು ವಾಪಸ್ ತಗೋರಿ. ಗಡಿಬಿಡಿ ಕೆಲಸ ಅಂದ್ರೆಲ್ಲ, ಆ ಮಾತು."

ವಿಕ್ರಾಂತ ಲೇಥ್ ಮಷೀನಿಗೆ ಬೆನ್ನು ಹಚ್ಚಿ ನಿಂತಿದ್ದ. ಎಣ್ಣೆ ಮೆತ್ತಿದ ಎರಡೂ ಮುಷ್ಟಿ ಬಿಗಿದಿದ್ದವು. ಎದುರಿಗೆ ಚಿಕ್ಕೋಡಿ ಠಾಣೆಯ ಪಿಎಸ್‌ಐ ಶುಭಾಂಗಿ. ಅವರ ಹಿಂದೆ ಹವಾಲ್ದಾರ ರಾಜಾರಾಮ, ಒಂದು ಕೈಯಲ್ಲಿ ಅರಗು, ಇನ್ನೊಂದರಲ್ಲಿ ಹೊಸ ಬೀಗ.

ಗೋಡೆಯ ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಮೂರಕ್ಕೆ ಅಂಗಡಿಯ ಮಾಲೀಕ ಉಸ್ತಾದ ಮಲಕಾರಿಯವರ ಅರೆಸ್ಟ್ ಬರೆದು ಕೋರ್ಟಿಗೆ ಒಯ್ಯುತ್ತಾರೆ. ಅಲ್ಲಿಂದ ಮುಂದೆ ಜೈಲು. ಇನ್ನು ಎರಡೂವರೆ ತಾಸು.

ಐದು ವಾರದ ಹಿಂದೆ, ಸೀಗೆ ಹುಣ್ಣಿಮೆಯ ಹಾಡುಹಗಲು, ರಾಯಬಾಗ ರಸ್ತೆಯ ತನ್ನ ಹೊಲದಲ್ಲಿ ಚರಗ ಚೆಲ್ಲುತ್ತಿದ್ದ ನಾಮದೇವನ ಬೆನ್ನಿಗೆ ಯಾರೋ ಗುಂಡು ಹೊಡೆದಿದ್ದರು. ಸಣ್ಣ ಗುಂಡು, ಪಾಯಿಂಟ್ ಟೂ ಟೂ. ಸುತ್ತಲಿನ ಹೊಲದವರು ಪಟಾಕಿ ಎಂದುಕೊಂಡರು. ಅಂದಿನಿಂದ ನಾಮದೇವ ಬೆಳಗಾವಿಯ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದ.

"ಮಾತು ಪೂರಾ ನಂದಲ್ಲ, ಲ್ಯಾಬಿಂದು." ಶುಭಾಂಗಿ ಫೈಲು ತೆರೆದರು. "ಕೇಳು. ಪಾರಿಸ ಚೌಗುಲೆಯವರ ರೈಫಲ್ಲಿನ ಹಳೇ ನಳಿಗಿ ಒಳಗ ಹೊಸಾ ನಳಿಗಿ ಕೂಡಿಸ್ಯಾರ. ಅದು ನಟ್ಟನಡುವ ಕೂತಿಲ್ಲ. ಒಂದ್ ಮಗ್ಗಲ ಅರ್ಧ ಮಿಲಿಮೀಟರ್ ತೆಳು. ಗಡಿಬಿಡಿ ಅನ್ನೂದು ನನ್ನ ಅಂದಾಜ. ಗುಂಡು ಹಾರಿದ ಮ್ಯಾಲೆ ಹಳೇ ನಳಿಗಿ ಗುರುತು ಅಳಸಾಕ ತಾಬಡತೋಬ ಕೊರದಾರ. ಹಂಗಾಗಿ ವಾರಿ ಆಗೇತಿ."

ಪೊಲೀಸರ ವಾದ ಇಷ್ಟೇ ಇತ್ತು. ನಾಮದೇವನ ಮೈಯಿಂದ ತೆಗೆದ ಗುಂಡಿನ ಮೇಲೆ ಆರು ಗೀರು. ಗುಂಡು ನಳಿಗೆಯೊಳಗೆ ತಿರುಗುತ್ತ ಹೊರಬರುವಾಗ ಒಳಗಿನ ಗೀರುಗಳು ಅದರ ಮೇಲೆ ಮೂಡುತ್ತವೆ, ಮುದ್ರೆ ಒತ್ತಿದ ಹಾಗೆ. ಪಾರಿಸಣ್ಣನ ರೈಫಲ್ಲಿನಿಂದ ಈಗ ಹೊಡೆದರೆ ಎಂಟು ಗೀರು ಬೀಳುತ್ತವೆ. ಏಕೆಂದರೆ ಒಳಗಿರುವುದು ಹೊಸ ನಳಿಗೆ; ಹಳೆಯದಕ್ಕೆ ಆರೇ ಗೀರು ಇದ್ದವು. ಅದನ್ನು ಕೂಡಿಸಿದ್ದು ಮಲಕಾರಿ. ಮಲಕಾರಿಯ ರಿಜಿಸ್ಟರಿನಲ್ಲಿರುವ ತಾರೀಖು ದೀಪಾವಳಿ ಪಾಡ್ಯದ ಮರುದಿನದ್ದು, ಅಂದರೆ ಗುಂಡು ಹಾರಿ ಎರಡು ವಾರ ಕಳೆದ ಮೇಲಿನದು. ಪಾರಿಸಣ್ಣನಿಗೆ ಬಂದೂಕಿನ ಲೈಸೆನ್ಸ್ ಮುಂದುವರಿಸಬಾರದು ಎಂದು ಡಿಸಿ ಆಫೀಸಿಗೆ ಮೂರು ಸಲ ಅರ್ಜಿ ಕೊಟ್ಟವನು ಇದೇ ನಾಮದೇವ. ದ್ವೇಷಕ್ಕೆ ಇನ್ನೇನು ಬೇಕು?

"ಪಾರಿಸ ಹೊಡದಾನ, ಮಲಕಾರಿ ತೊಳದಾನ," ಎಂದು ರಾಜಾರಾಮ ಹಿಂದಿನಿಂದ ಸೇರಿಸಿದ.

"ಹವಾಲ್ದಾರ ಸಾಹೇಬ್ರ, ತೊಳಿಯಾಕ ಅದೇನ್ ಚರಿಗಿ ಅಲ್ರಿ!"

ವಿಕ್ರಾಂತನ ತಲೆ ಕಾದ ಕಬ್ಬಿಣವಾಗಿತ್ತು. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು ಬಂದವನನ್ನು ಊರೆಲ್ಲ ಉಡಾಳ ಎಂದಾಗ ಕೈಗೆ ಅಳತೆಯ ವರ್ನಿಯರ್ ಕೊಟ್ಟು ನಿಲ್ಲಿಸಿದವರು ಮಲಕಾರಿ. ತಂದೆಯ ಕಾಲದಿಂದ ಬಂದೂಕು ರಿಪೇರಿಯ ಸರಕಾರಿ ಲೈಸೆನ್ಸ್ ಇದ್ದ ಮನುಷ್ಯ. ಈಗ ಅವರನ್ನೂ ಪಾರಿಸಣ್ಣನನ್ನೂ ಎರಡು ದಿನದಿಂದ ಕಳ್ಳರ ಹಾಗೆ ಠಾಣೆಯ ಬೆಂಚಿನ ಮೇಲೆ ಕೂಡಿಸಿದ್ದರು. ಆ ಸಿಟ್ಟು ಒಂದು ತೂಕವಾದರೆ, ಅವರ ಕೈಕೆಲಸಕ್ಕೆ ಗಡಿಬಿಡಿ ಎಂದ ಸಿಟ್ಟು ಇನ್ನೊಂದು ತೂಕ.

"ಹನ್ನೊಂದು ದಿನಾರೀ! ಹನ್ನೊಂದು ದಿನ ಕೊರದಾರ. ಗಡಿಬಿಡಿ ಅಂತ!"

"ಸಾವಕಾಶ ಹೇಳು. ನಾ ಇಲ್ಲೇ ಇರ್ತೀನಿ."

"ಪಾರಿಸಣ್ಣನ ಅಪ್ಪ ಪ್ರತಿ ರವಿವಾರ ಬಂದೂಕಿನ ಮೂತಿಂದ ಕಬ್ಬಿಣದ ಸಲಾಕಿ ತೂರಿಸಿ ನಳಿಗಿ ತಿಕ್ತಿದ್ದ. ಸ್ವಚ್ಛ ಇರಬೇಕಂತ. ನಲವತ್ತು ವರ್ಷ ತಿಕ್ಕಿ ತಿಕ್ಕಿ ಮೂತಿ ಕಡೆ ಗೀರೆಲ್ಲ ಸವದು ಹೋಗಿದ್ದೂವು. ನಿಶಾನಿ ಹಲಗಿಗೆ ಹತ್ತು ಗುಂಡು ಹೊಡದ್ರ ಹತ್ತೂ ಹತ್ತು ದಿಕ್ಕಿಗೆ. ಕಾಗದಾನೂ ಸಾಯ್ತಿದ್ದಿಲ್ಲ ಅದರ ಕೈಲಿ!"

ಶುಭಾಂಗಿಯವರ ತುಟಿಯ ತುದಿ ಸ್ವಲ್ಪ ಅಲುಗಿತು. ರಾಜಾರಾಮ ಮಾತ್ರ ಮುಖ ಗಂಟಿಕ್ಕಿಕೊಂಡೇ ಇದ್ದ.

"ಡೀಸಲ್ ಇಂಜಿನ್ ಸವದ್ರ ಸ್ಲೀವ್ ಹಾಕ್ತೀವೆಲ್ರಿ, ಹಂಗ ಇದು. ಹಳೇ ನಳಿಗಿ ಒಳಗ ಉದ್ದಕ ಕೊರದು, ಅದರಾಗ ಗೀರಿದ್ದ ಹೊಸಾ ತೆಳು ನಳಿಗಿ ಇಳಿಸಿ, ಅಂಟು ಹಾಕಿ ಕೂಡಿಸೂದು. ಪುಣೆದಿಂದ ಕಾಗದಪತ್ರ ಸಮೇತ ತರಿಸಿದ್ರು. ಕೊರಿಯೂದಂದ್ರ ಬೆರಳಿನಷ್ಟು ಕೊರಿಯೂದು, ಹೊರಗ ತಗಿಯೂದು, ಚೂರು ಝಾಡಿಸೂದು, ಎಣ್ಣಿ ಬಿಡೂದು. ಮತ್ತ ಬೆರಳಿನಷ್ಟು. ನಡುವ ಎಲ್ಲೋ ಗಟ್ಟಿ ಕಬ್ಬಿಣ ಹತ್ತಿತು. ಡ್ರಿಲ್ಲು ಕೂದಲೆಳಿಯಷ್ಟು ಮಗ್ಗಲಕ್ಕ ಸರೀತು. ಆವತ್ತ ಉಸ್ತಾದ ಉಂಡಿಲ್ಲರಿ. ಅವರ ಹೇಣ್ತಿ ಸತ್ತೆವ್ವಕ್ಕ ಬುತ್ತಿ ಹಂಗಽ ವಾಪಸ್ ಒಯ್ದಳು. ನನ್ನ ಕೈ ಮುದಕ ಆತಲೇ ವಿಕ್ರ್ಯಾ ಅಂದ್ರು. ಅಂಟು ಒಣಗಿದ ಮ್ಯಾಲೆ ಜಜ್ಜಿ ಹೋಗಿದ್ದ ಹಳೇ ಮೂತಿ ಬೆರಳಗಲ ಕೊಯ್ದು, ಹೊಸಾ ಮೂತಿ ತಿದ್ದಿ, ಕೊಯ್ದ ತುಂಡು ನನ್ನ ಕೈಯಾಗ ಕೊಟ್ಟು..."

ವಿಕ್ರಾಂತನ ಬಾಯಿ ಅಲ್ಲೇ ನಿಂತಿತು.

"ಕೊಟ್ಟು?" ಅಂದರು ಶುಭಾಂಗಿ.

ಅವನು ತಿರುಗಿ ಗೋಡೆಯ ಮೇಲಿನ ಹಲಗೆ ನೋಡಿದ. ಬೀರದೇವರ ಪಟ. ಅದರ ಕೆಳಗೆ ಒಣಗಿ ಕಪ್ಪಾದ ಚೆಂಡುಹೂವಿನ ಮಾಲೆ. ಆರು ವಾರದಿಂದ ಯಾರೂ ಮುಟ್ಟಿರಲಿಲ್ಲ. ಮುಟ್ಟುವಂತೆಯೂ ಇರಲಿಲ್ಲ.

ಮಲಕಾರಿಯ ಅಂಗಡಿಯಲ್ಲಿ ಒಂದು ಪದ್ಧತಿ. ಖಂಡೇನವಮಿಯ ದಿನ ಹತಾರು ಪೂಜೆ ಎಲ್ಲರೂ ಮಾಡುತ್ತಾರೆ. ಇಲ್ಲಿ ಹತಾರುಗಳ ಜೊತೆಗೆ ಆ ವರ್ಷ ಕೈಯನ್ನು ಹೆಚ್ಚು ಕಾಡಿದ ಕೆಲಸದ ಒಂದು ತುಂಡನ್ನೂ ಇಡುತ್ತಾರೆ. ಕುಂಕುಮ ಹಚ್ಚಿ ದೇವರ ಹಲಗೆಗೆ ಏರಿಸಿದರೆ ಮುಂದಿನ ಖಂಡೇನವಮಿಯವರೆಗೆ ಅದು ಅಲ್ಲೇ. ಹೋದ ವರ್ಷ ನೀರೆತ್ತುವ ಬಂಬಿನ ಶಾಫ್ಟಿನ ತುಣುಕು ಇತ್ತು.

ವಿಕ್ರಾಂತ ಸ್ಟೂಲು ಎಳೆದು ಹತ್ತಿದ.

"ಏ, ಏನ್ ಮಾಡಾಕತ್ತಿ?" ರಾಜಾರಾಮ ಮುಂದೆ ಬಂದ.

"ಚಪ್ಪಲಿ ಬಿಟ್ಟು ಹತ್ತೇನಿ, ಹೆದರಬ್ಯಾಡ್ರಿ."

ಹೂವಿನ ಮಾಲೆ ಸರಿಸಿ ಕೈ ಹಾಕಿದ. ಬೆರಳಿಗೆ ತಣ್ಣಗೆ ತಾಗಿತು. ಹಿಡಿದು ಕೆಳಗಿಳಿದು ಅಂಗೈ ತೆರೆದ. ಬೆರಳಗಲದ ಉಕ್ಕಿನ ತುಂಡು. ಎಣ್ಣೆ ಕುಡಿದು ಗಟ್ಟಿಯಾದ ಕುಂಕುಮ. ಅಂಗಿಯ ತುದಿಯಿಂದ ಕೊಯ್ದ ಮುಖವನ್ನು ಉಜ್ಜಿ, ಫೋನಿನ ಟಾರ್ಚ್ ಹಿಡಿದ.

"ನೋಡ್ರಿ."

ಶುಭಾಂಗಿ ಬಾಗಿ ನೋಡಿದರು. ಹೊರಗೊಂದು ದಪ್ಪ ಕರಿ ಉಂಗುರ. ಅದರೊಳಗೆ ತೆಳ್ಳಗೆ ಹೊಳೆಯುವ ಇನ್ನೊಂದು ಉಂಗುರ. ನಳಿಗೆಯೊಳಗೆ ನಳಿಗೆ.

"ಗೀರು ಎಣಿಸ್ರಿ."

ಅವರು ಎಣಿಸಿದರು. ಇನ್ನೊಮ್ಮೆ ಎಣಿಸಿದರು. "ಎಂಟು."

"ಇದು ಪಾರಿಸಣ್ಣನ ಬಂದೂಕಿಂದಽ ಅಂತ ಹೆಂಗ ನಂಬಬೇಕು, ಅಲ್ರಿ? ತಡೀರಿ." ವಿಕ್ರಾಂತ ವರ್ನಿಯರ್ ತಂದ. ಒಂದು ಮಗ್ಗುಲು ಅಳೆದ, ತಿರುಗಿಸಿ ಎದುರಿನ ಮಗ್ಗುಲು ಅಳೆದ. ಅಳತೆಯನ್ನು ತಾನೇ ಓದದೆ ಅವರ ಮುಂದೆ ಹಿಡಿದ. "ನೀವಽ ಓದ್ರಿ."

"ಅರ್ಧ ಮಿಲಿಮೀಟರ್ ತೆಳು." ಶುಭಾಂಗಿಯವರ ದನಿ ಇಳಿಯಿತು. ಫೈಲಿನಲ್ಲಿದ್ದ ರೈಫಲ್ ಮೂತಿಯ ದೊಡ್ಡ ಫೋಟೋ ತೆಗೆದು ತುಂಡಿನ ಪಕ್ಕ ಇಟ್ಟರು. ಅದೇ ವಾರೆ. ಅದೇ ತೆಳು. ಅವಳಿ ಮಕ್ಕಳ ಮುಖದಲ್ಲಿ ಒಂದೇ ಕಡೆ ಮಚ್ಚೆ ಇದ್ದಂತೆ.

ಯಾವ ತಪ್ಪಿಗೆ ಉಸ್ತಾದರು ಒಂದು ದಿನ ಉಪವಾಸ ಬಿದ್ದಿದ್ದರೋ ಅದೇ ತಪ್ಪು ಈಗ ಅವರ ಪರವಾಗಿ ಸಾಕ್ಷಿ ಹೇಳುತ್ತಿತ್ತು.

ಆದರೆ ಶುಭಾಂಗಿ ಪೊಲೀಸ್ ಅಧಿಕಾರಿ. ಅಷ್ಟಕ್ಕೇ ಸೋಲುವವರಲ್ಲ. "ಚಲೋ. ಈ ತುಂಡು ಖಂಡೇನವಮಿಗೇ ಇಟ್ಟಿದ್ದು ಅನ್ನಾಕ ಸಾಕ್ಷಿ? ನಿನ್ನೆ ಸಂಜಿಕೆ ನೀನಽ ಇಟ್ಟಿರಬಹುದು. ಹೂವಾ ಒಣಗಿಸೂದು ದೊಡ್ಡ ಮಾತಲ್ಲ. ರಿಜಿಸ್ಟರ್‌ದಾಗ ದೀಪಾವಳಿ ತಾರೀಖು ಐತಿ."

"ರಿಜಿಸ್ಟರ್ ಸುಡ್ರಿ! ಅದು ಉಸ್ತಾದರ ಖೋಡಿ ಚಾಳಿ. ಮಾಲು ಅಂಗಡಿ ದಾಟಿ ಹೊರಗ ಹೋದ ದಿನಾನಽ ಬರಿಯೂದು. ಬಂದಾಗ ಬರಿಯೂದಿಲ್ಲ, ಕೆಲಸ ಮುಗದಾಗೂ ಬರಿಯೂದಿಲ್ಲ. ಎಷ್ಟು ಹೇಳೀನಿ!"

"ಕೆಲಸ ಮುಗದಿದ್ರ ಪಾರಿಸ ಯಾಕ ಒಯ್ಲಿಲ್ಲ?"

"ಚಾತುರ್ಮಾಸ ಇತ್ತೆಲ್ರಿ! ಅವರ ಮನಿ ಮಗ್ಗಲ ಜೈನ ಬಸ್ತಿಯೊಳಗ ಮುನಿಮಹಾರಾಜರು ತಂಗಿದ್ರು. ನಾಕು ತಿಂಗಳು ಮನ್ಯಾಗ ಹತಾರ ಇಡಾಂಗಿಲ್ಲ ಅಂತ ಪಾರಿಸಣ್ಣ ನೇಮ ಹಿಡದಿದ್ದ. ಹೆಂಗೂ ನಿನ್ನ ಕಪಾಟನ್ಯಾಗ ಇರತೈತಿ, ನಳಿಗಿ ಮಾಡಿಬಿಡು ಅಂದ. ದೀಪಾವಳಿಗೆ ಚಾತುರ್ಮಾಸ ಮುಗೀತು, ಬಂದು ಒಯ್ದ. ಒಯ್ದ ದಿನದ ತಾರೀಖು ಬಿತ್ತು."

"ಇದೆಲ್ಲ ಬಾಯಿಮಾತು, ವಿಕ್ರಾಂತ. ನನಗ ತಾರೀಖು ಬೇಕು."

ಒಂದು ಗಂಟೆ ಹತ್ತು ನಿಮಿಷ. ಹೊರಗೆ ಜೀಪಿನ ಡ್ರೈವರ್ ಹಾರ್ನ್ ಒತ್ತಿದ. ವಿಕ್ರಾಂತ ಹಣೆಗೆ ಕೈ ಬಡಿದುಕೊಂಡ. ಆ ದಿನ ಪೂಜೆಯ ಹೊತ್ತಿಗೆ ಉಸ್ತಾದರು ಕನ್ನಡಕ ಹುಡುಕುತ್ತಿದ್ದರು. ಯಾಕೆ ಹುಡುಕುತ್ತಿದ್ದರು? ಫೋಟೋ ತೆಗೆಯಲು. ಫೋಟೋ ಯಾಕೆ?

"ಮೇಡಂ, ನಿಮ್ಮ ಸರಕಾರಿ ಫೋನು ಎಲ್ಲೈತಿ?"

"ಯಾಕ?"

"ಉಸ್ತಾದರ ಫೋನು ನೀವು ಚೀಲದಾಗ ಹಾಕಿ ಅರಗು ಹಚ್ಚೀರಿ. ಆದ್ರ ಅವರಿಗೊಂದು ಚಟ ಐತ್ರಿ. ಹಬ್ಬ ಬಂದ್ರ ಫೋನಿನ್ಯಾಗ ಇದ್ದಬದ್ದ ಎಲ್ಲಾ ನಂಬರಿಗೂ ಫೋಟೋ ಸಮೇತ ಶುಭಾಶಯ ಕಳಸತಾರ. ಗ್ಯಾಸಿನವಂಗ, ಕರೆಂಟಿನವಂಗ, ಸತ್ತೋರ ನಂಬರಿಗೂ ಹೋಗಿರತಾವು. ಲೈಸೆನ್ಸಿನ ಸಲವಾಗಿ ಠಾಣೆ ನಂಬರ್ ಅವರ ಹತ್ರ ಐತಿ. ಆ ನಂಬರಿನ ಫೋನು ನಿಮ್ಮ ಕಿಸೆದಾಗ ಐತಿ."

ಶುಭಾಂಗಿ ಕಿಸೆಯಿಂದ ಫೋನು ತೆಗೆದರು. ದಸರೆಯ ಶುಭಾಶಯಗಳು ಅಲ್ಲಿ ಬಣವೆಯಂತೆ ಬಿದ್ದಿದ್ದವು. ಒಂದನ್ನೂ ತೆರೆದಿರಲಿಲ್ಲ. ಹೆಬ್ಬೆರಳು ಮೇಲೆ ಕೆಳಗೆ ಆಡಿತು. ದೇವಿಯರು, ಆನೆಗಳು, ಬನ್ನಿ ಎಲೆಗಳು, ಯಾರದೋ ಹೊಸ ಟ್ರ್ಯಾಕ್ಟರ್.

ಹೆಬ್ಬೆರಳು ನಿಂತಿತು.

ಇದೇ ಹಲಗೆ. ಇದೇ ಬೀರದೇವರ ಪಟ. ಹಸಿ ಚೆಂಡುಹೂವು. ಒಡೆದ ತೆಂಗಿನಕಾಯಿ, ಹೊಗೆಯಾಡುವ ಊದಿನಕಡ್ಡಿ. ನಡುವೆ ಕುಂಕುಮ ಹಚ್ಚಿಸಿಕೊಂಡು ಕೂತ ಬೆರಳಗಲದ ತುಂಡು. ದೊಡ್ಡದು ಮಾಡಿದರೆ ಉಂಗುರದೊಳಗೆ ಉಂಗುರ ಸ್ಪಷ್ಟ. ಕೆಳಗೆ ಉಸ್ತಾದರ ಅಕ್ಷರ: ಸರ್ವರಿಗೂ ಖಂಡೇನವಮಿ ಶುಭಾಶಯ, ಮಲಕಾರಿ ಇಂಜಿನಿಯರಿಂಗ್ ವರ್ಕ್ಸ್. ಬಂದ ದಿನ ನವಮಿ, ಬೆಳಿಗ್ಗೆ ಒಂಬತ್ತು ನಲವತ್ತು.

"ಖಂಡೇನವಮಿ ಮೊದಲೋ, ಸೀಗಿಹುಣ್ಣಿವಿ ಮೊದಲೋ, ಮೇಡಂ?"

ಶುಭಾಂಗಿ ಸ್ಟೂಲಿನ ಮೇಲೆ ಕುಳಿತರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಗುಂಡು ಹಾರುವುದಕ್ಕೆ ಆರು ದಿನ ಮೊದಲೇ ಆ ರೈಫಲ್ಲಿಗೆ ಎಂಟು ಗೀರಿನ ಹೊಸ ನಳಿಗೆ ಬಿದ್ದಿತ್ತು. ಆರು ಗೀರಿನ ಗುಂಡು ಅದರಿಂದ ಬರಲು ಸಾಧ್ಯವೇ ಇರಲಿಲ್ಲ.

"ಐದು ವಾರ," ಅಂದರು ಅವರು ಮೆಲ್ಲಗೆ. "ಐದು ವಾರ ಇದು ನನ್ನ ಕಿಸೆದಾಗಽ ಇತ್ತು."

"ಗುಡ್ ಮಾರ್ನಿಂಗ್ ಮೆಸೇಜು ಯಾರ್ ತಗೀತಾರ್ರೀ?" ಎಂದ ರಾಜಾರಾಮ, ಮೇಡಂ ಪರವಾಗಿ. ಬೀಗವನ್ನು ಸದ್ದಿಲ್ಲದೆ ಚೀಲಕ್ಕೆ ಸೇರಿಸಿದ.

ಶುಭಾಂಗಿ ಫೋನು ಕಿವಿಗೆ ಹಿಡಿದರು. "ಮಲಕಾರಿ ಅರೆಸ್ಟ್ ಬರೀಬ್ಯಾಡ್ರಿ. ಹೂಂ. ಪಾರಿಸ ಅವರದ್ದೂ ಬ್ಯಾಡ. ಇಬ್ಬರಿಗೂ ಚಾ ಕೊಡ್ರಿ, ನಾ ಬಂದೆ."

ವಿಕ್ರಾಂತನ ಎರಡು ದಿನದಿಂದ ಬಿಗಿದೇ ಇದ್ದ ಮುಷ್ಟಿ ತಾನಾಗಿ ಸಡಿಲವಾಯಿತು. ಬೆರಳುಗಳು ನೋಯುತ್ತಿದ್ದವು. ಆಗಲೇ ಅವನಿಗೆ ಗೊತ್ತಾದದ್ದು.

"ಆ ಗಡಿಬಿಡಿ ಅನ್ನೂ ಮಾತು," ಬಾಗಿಲಲ್ಲಿ ನಿಂತು ಶುಭಾಂಗಿ ಅಂದರು, "ವಾಪಸ್ ತಗೊಂಡೆ."

ನಾಲ್ಕು ಗಂಟೆಗೆ ಜೀಪು ಮತ್ತೆ ಅಂಗಡಿಯ ಮುಂದೆ ನಿಂತಿತು. ಮೊದಲು ಇಳಿದವರು ಎಪ್ಪತ್ತರ ಪಾರಿಸಣ್ಣ, ಬಿಳಿ ಟೋಪಿ, ಬಿಳಿ ಧೋತರ. ಹಿಂದೆ ಮಲಕಾರಿ ಉಸ್ತಾದರು. ಎರಡು ದಿನಕ್ಕೇ ಗಲ್ಲ ಒಳಗೆ ಹೋಗಿತ್ತು.

ಸತ್ತೆವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಆರತಿ ಬೆಳಗುತ್ತಲೇ ಗಂಡನಿಗೆ ಶುರು ಹಚ್ಚಿದಳು. "ರಿಜಿಸ್ಟರ್ ಬರಿಯಾಕ ಮುಹೂರ್ತ ನೋಡ್ತಿದ್ರೇನ್ರಿ? ಊರ ಮಂದಿಗೆಲ್ಲ ಶುಭಾಶಯ ಬರಿಯಾಕ ಪುರಸೊತ್ತು, ಒಂದ್ ತಾರೀಖು ಬರಿಯಾಕ ಬ್ಯಾನಿ!"

"ಬೈಬ್ಯಾಡವಾ ತಂಗಿ," ಪಾರಿಸಣ್ಣ ನಕ್ಕರು. "ಆ ಶುಭಾಶಯನಽ ನಮ್ಮನ್ನ ಕಾದದ್ದು. ನಾನೂ ತಗದು ನೋಡಿದ್ದಿಲ್ಲ, ಮನಿಗೆ ಹೋಗಿ ನೋಡ್ತೀನಿ."

ಎಲ್ಲರೂ ನಕ್ಕರು. ಶುಭಾಂಗಿ ಕೂಡ. ಅವರು ಇನ್ನೊಂದು ಸುದ್ದಿಯನ್ನೂ ತಂದಿದ್ದರು. ನಾಮದೇವ ಮಧ್ಯಾಹ್ನ ಕಣ್ಣು ಬಿಟ್ಟಿದ್ದಾನೆ. ಗಂಟಲಲ್ಲಿ ನಳಿಕೆ ಇರುವುದರಿಂದ ಮಾತು ಇಲ್ಲ, ಆದರೆ ಜೀವಕ್ಕೆ ಅಪಾಯವಿಲ್ಲ. ಮೂರು ಅರ್ಜಿ ಹಾಕಿದ ವೈರಿ ಬದುಕಿದ ಎಂದು ಕೇಳಿ ಪಾರಿಸಣ್ಣ ಕಣ್ಣು ಮುಚ್ಚಿ ಕೈ ಮುಗಿದರು. ಅವರ ತುಟಿ ಅಲುಗುತ್ತಿರುವುದನ್ನು ವಿಕ್ರಾಂತ ನೋಡಿದ. ಅದು ನಟನೆಯಲ್ಲ.

ಚಹ ಬಂತು. ಶುಭಾಂಗಿ ಬೇಡವೆಂದು, ಬಂದ ಫೋನಿನಲ್ಲಿ ಮಾತಾಡುತ್ತ ಜೀಪಿನ ಕಡೆಗೆ ನಡೆದರು. ಪಾರಿಸಣ್ಣ ಸೂರ್ಯ ಮುಳುಗುವುದರೊಳಗೆ ಉಣ್ಣಬೇಕು, ಅವರೂ ಹೊರಟರು. ಸತ್ತೆವ್ವ ಅವರ ಜೊತೆ ಹೊಸಿಲವರೆಗೆ ಹೋದಳು.

ಒಳಗೆ ಗುರು ಶಿಷ್ಯರಿಬ್ಬರೇ ಉಳಿದರು.

"ಎಲ್ಲಿ ತೋರಸಲೇ ಆ ಫೋಟೋ," ಉಸ್ತಾದರು ಕನ್ನಡಕ ಏರಿಸಿದರು. ಶುಭಾಂಗಿ ಕಳಿಸಿದ್ದ ಪ್ರತಿಯನ್ನು ವಿಕ್ರಾಂತ ತನ್ನ ಫೋನಿನಲ್ಲಿ ತೆರೆದುಕೊಟ್ಟ. ಅವರು ಚಹ ಹೀರುತ್ತ ನೋಡಿದರು. ಹಲಗೆಯ ಕಡೆ ನೋಡಿದರು. ಮತ್ತೆ ಫೋಟೋ ನೋಡಿದರು. ಚಹದ ಕಪ್ಪು ಕೆಳಗಿಟ್ಟರು.

"ಇನ್ನೊಂದು ತುಂಡು ಎಲ್ಲೋ?"

"ಇನ್ನೊಂದು ಯಾವದ್ರಿ? ಒಂದಽ ಇತ್ತು."

"ಇದು." ಎಣ್ಣೆ ಕಪ್ಪಿನ ಉಗುರು ಊದಿನಕಡ್ಡಿಯ ಬುಡಕ್ಕೆ ಬಂತು. ಕಡ್ಡಿ ಒಂದು ಸಣ್ಣ ಕರಿ ಕೊಳವೆಯಲ್ಲಿ ನೆಟ್ಟಗೆ ನಿಂತಿತ್ತು.

"ಅದು ಊದಿನಕಡ್ಡಿ ಸ್ಟ್ಯಾಂಡ್ ಅಲ್ಲೇನ್ರಿ?"

"ಸ್ಟ್ಯಾಂಡ್ ಇದ್ದಿಲ್ಲ ಅಂತ ಅದರಾಗ ಚುಚ್ಚಿದ್ನಿ. ಅದೂ ಬಂದೂಕಿನ ಮೂತಿನಽ. ಬ್ಯಾರೆ ಬಂದೂಕು. ಹಳೇ ರೈಫಲ್ ಕ್ಲಬ್ ಮುಚ್ಚಿದಾಗ ಪಾರಿಸನ ಅಪ್ಪ ಒಂದು ತಗೊಂಡ, ಅದರ ಜೋಡಿದು ಇನ್ನೊಬ್ಬರ ಕಡೆ ಹೋತು. ನೀ ಅಥಣಿಗೆ ಬಂಬ್ ಕೂಡಸಾಕ ಹೋದಾಗ ಅದು ಬಂದಿತ್ತು. ಬರೇ ಮೂತಿ ಕೊಯ್ದು ಇಟ್ಟಿದ್ನಿ. ಒಳಗ ಹಳೇ ಗೀರು ಹಂಗಽ ಇದ್ದೂವು."

ವಿಕ್ರಾಂತ ಫೋಟೋ ದೊಡ್ಡದು ಮಾಡಿದ. "ಎಷ್ಟು ಗೀರು?"

"ಆರು."

"ರಿಜಿಸ್ಟರ್‌ದಾಗ ಬರದೇ ಇಲ್ಲೆಲ್ರಿ!"

"ಮಾಲು ಇನ್ನೂ ಹೋಗಿಲ್ಲಲೋ. ಕಪಾಟನ್ಯಾಗಽ ಐತಿ. ದೀಪಾವಳಿಗೆ ಪಾರಿಸಂದು ತಗದಾಗ ಗೋಣಿ ತಟ್ಟಿನ್ಯಾಗ ನಿಂತದ್ದು ನೋಡೀನಿ. ನನ್ನ ಬೀಗದಾಗ ಐತಿ ಅಂದ ಮ್ಯಾಲೆ ಅದರ ಮಾತ್ಯಾಕ ಅಂತ ಪೊಲೀಸರ ಮುಂದ ಸುಮ್ನಿದ್ನಿ."

ಅವರು ಉಡದಾರದಿಂದ ಕೀಲಿ ಬಿಚ್ಚಿದರು. ಮೂಲೆಯ ಕಬ್ಬಿಣದ ಕಪಾಟಿನ ಬೀಗ ಸಲೀಸಾಗಿ ತೆರೆಯಿತು. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಒಳಗೆ ಗೋಣಿ ತಟ್ಟಿನಲ್ಲಿ ಸುತ್ತಿದ ಉದ್ದನೆಯ ಗಂಟು ನೆಟ್ಟಗೆ ನಿಂತಿತ್ತು. ಉಸ್ತಾದರ ಮುಖಕ್ಕೆ ಜೀವ ಬಂತು. "ನೋಡು, ಇಲ್ಲೇ ಐತೆಲ್ಲ."

ಕೈಗೆತ್ತಿಕೊಂಡರು. ಗಂಟು ಬೆಂಡಿನ ಹಾಗೆ ಮೇಲೆ ಬಂತು.

ವಿಕ್ರಾಂತ ಹಗ್ಗ ಹರಿದು ತಟ್ಟು ಬಿಚ್ಚಿದ. ಒಣಗಿದ ಕಬ್ಬಿನ ಗಳ. ಬಂದೂಕಿನ ಉದ್ದಕ್ಕೆ ಸರಿಯಾಗಿ ಕೊಯ್ದದ್ದು.

"ಉಸ್ತಾದ, ಆ ಬಂದೂಕು ಯಾರದು?"

ಉಸ್ತಾದರು ಕಪಾಟಿನ ಬಾಗಿಲು ಹಿಡಿದುಕೊಂಡರು. "ಲೈಸೆನ್ಸ್ ಕಾಗವಾಡದ್ದೋ. ಹಿಂಗಾಗಿ ಇಲ್ಲಿ ಠಾಣೆಯೊಳಗ ಅದರ ಹೆಸರಿಲ್ಲ. ಯಾರಿಗೂ ಹೇಳಬ್ಯಾಡ, ಪಾರಿಸನ ಮುಂದ ನಾಚಿಕಿ ಆಕೈತಿ ಅಂದಿದ್ದ."

"ಯಾರು?"

"ನಾಮದೇವ."

ಹೊರಗೆ ಜೀಪು ಸ್ಟಾರ್ಟ್ ಆಗುವ ಸದ್ದು. ಓಡಿ ಹೋಗಿ ಕೂಗಿದರೆ ಶುಭಾಂಗಿಗೆ ಇನ್ನೂ ಕೇಳಿಸುತ್ತದೆ. ವಿಕ್ರಾಂತ ಬಾಗಿಲಿನ ಕಡೆ ತಿರುಗಿದವನು ಮತ್ತೆ ಕಪಾಟಿನ ಬೀಗ ನೋಡಿದ.

ಆ ಕಪಾಟಿಗೆ ಇರುವುದು ಎರಡೇ ಕೀಲಿ. ಒಂದು ಉಸ್ತಾದರ ಉಡದಾರದಲ್ಲಿ, ಅದು ಯಾವತ್ತೂ ಅಲ್ಲಿಂದ ಕದಲಿರಲಿಲ್ಲ. ಇನ್ನೊಂದನ್ನು, ತನಗೇನಾದರೂ ಆದರೆ ಪೊಲೀಸರಿಗೆ ಕೊಡು ಎಂದು, ನಾಲ್ಕು ವರ್ಷದ ಹಿಂದೆ ಅವರೇ ಕರಿದಾರಕ್ಕೆ ಕಟ್ಟಿ ವಿಕ್ರಾಂತನ ಕೊರಳಿಗೆ ಹಾಕಿದ್ದರು.

ಅವನು ಅಂಗಿಯೊಳಗೆ ಕೈ ಹಾಕಿದ. ಕೀಲಿ ಅಲ್ಲೇ ಇತ್ತು.

ತಲೆ ಎತ್ತಿದಾಗ ಉಸ್ತಾದರು ಕಬ್ಬಿನ ಗಳವನ್ನು ನೋಡುತ್ತಿರಲಿಲ್ಲ. 'ನೀನೇನೋ?' ಎಂದು ಬಾಯಿ ಬಿಟ್ಟು ಕೇಳಲಾರದೆ ಅವನ ಕೊರಳನ್ನೇ ನೋಡುತ್ತಿದ್ದರು.